ಮಳೆಗಂಜುವ ಮನಸ್ಸು
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಉತ್ಸವದ ದಿನ ದುಃಖದ ಮಾತನ್ನೆತ್ತುವುದು ಉಚಿತವೇ ಎಂದು ನಾವು ಹಿಂಜರಿದದ್ದುಂಟು. ಆದರೆ ವಯನಾಡಿನಲ್ಲಿ ಬಾಳುತ್ತಿದ್ದು ಮಳೆಯ ಮಾತನ್ನು ಮರೆಮಾಚುವುದೆಂತು?

೨೦೨೪ನೆಯ ಜುಲೈ ೩೦ರಂದು, ಬೆಳಗಾಗುವ ಮುನ್ನವೇ, ಮೇಪ್ಪಾಡಿ ಪಂಚಾಯಿತಿಯ ಪುಂಚಿರಿಮಟ್ಟಂ, ಮುಂಡಕ್ಕೈ, ಚೂರಲ್‌ಮಲೆಗಳ ಮೇಲೆ ಬೆಟ್ಟವೇ ಜರಿದು ಬಂದಿತು. ೨೫೦ಕ್ಕೂ ಮಿಕ್ಕಿ ಜನ ಅಳಿದರು. ಕರ್ನಾಟಕ ಮೂಲದವರೂ ಅವರಲ್ಲಿದ್ದರು. ಅನೇಕರ ದೇಹಗಳು ಚಾಲಿಯಾರ್ ಹೊಳೆಯಲ್ಲಿ ನಿಲಂಬೂರಿನ ಕಡೆಗೆ ತೇಲಿಹೋದವು. ಐದು ವರ್ಷ ಮೊದಲು, ೨೦೧೯ರ ಆಗಸ್ಟ್ ೮ರಂದು, ಪುತ್ತುಮಲೆಯಲ್ಲಿ ೧೭ ಮಂದಿಯನ್ನು ಕಳೆದುಕೊಂಡಿದ್ದೆವು. ಭೂಮಿಯ ಬಿಸಿಯೇರಿಕೆಯಿಂದಾಗಿ ೨೦೨೪ರ ಆ ಮಳೆಯ ಬಿರುಸು ಸುಮಾರು ನೂರಕ್ಕೆ ಹತ್ತರಷ್ಟು ಹೆಚ್ಚಿತೆಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ.

ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಪಡೆಯ ಯೋಧರು ಎರಡೇ ದಿನಗಳಲ್ಲಿ ಚೂರಲ್‌ಮಲೆಯ ಹೊಳೆಗೆ ೧೯೦ ಅಡಿಯ ಬೈಲಿ ಸೇತುವೆ ಕಟ್ಟಿದರು. ಬೆದರಿದ ಮನಸ್ಸಿಗೆ ಅಷ್ಟು ಬೇಗ ಸೇತುವೆ ಏಳದು.

ನಮ್ಮ ನೆರೆಮನೆಯ ವೃದ್ಧೆಯೊಬ್ಬರು ಮಳೆ ಹಿಡಿದೊಡನೆ ರೇಷನ್ ಕಾರ್ಡು, ಮನೆಪತ್ರ, ಎರಡು ಸೀರೆಗಳನ್ನು ಚೀಲಕ್ಕೆ ತುಂಬಿ ಬಾಗಿಲಲ್ಲಿಟ್ಟು, ರಾತ್ರಿಯಿಡೀ ಕುಳಿತಿರುತ್ತಿದ್ದರು. "ಏನೂ ಆಗದು, ಮಲಗಿರಮ್ಮಾ" ಎಂದೆವು. "ಮುಂಡಕ್ಕೈಯವರೂ ಹಾಗೆಂದುಕೊಂಡೇ ಮಲಗಿದ್ದರಲ್ಲವೇನಪ್ಪಾ?" ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಇಂತಹವರ ಭಯ ಹುಚ್ಚಲ್ಲ, ಅದಕ್ಕೆ ಆಧಾರವುಂಟು. ಅದನ್ನು ಸುಳ್ಳೆಂದು ಸಾಧಿಸಹೊರಟವನು ಅವರ ನಂಬಿಕೆಯನ್ನೇ ಕಳೆದುಕೊಳ್ಳುತ್ತಾನೆ. ಮೊದಲು ಕೇಳಬೇಕು. ಕೇಳುವುದೆಂದರೆ ಕೆದಕುವುದಲ್ಲ. ಆ ರಾತ್ರಿ ಏನಾಯಿತೆಂದು ಬಲವಂತವಾಗಿ ಹೇಳಿಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಎಚ್ಚರಿಸಿದೆ. ಕ್ಯಾಮೆರಾ ಹಿಡಿದು ಬಂದವರಿಗೆ ಇದನ್ನು ಯಾರಾದರೂ ತಿಳಿಸಿದ್ದರೆ ಒಳಿತಿತ್ತು! ಬಳಿಕ ಭಯಕ್ಕೊಂದು ಕೆಲಸ ಕೊಡಬೇಕು: ಎಷ್ಟು ಮಳೆಯಾದರೆ ಮನೆ ಬಿಡುವುದು, ಯಾರ ಮನೆಗೆ, ಯಾವ ದಾರಿಯಲ್ಲಿ, ಜೊತೆಗೆ ಯಾರು ಎಂಬುದನ್ನು ಹಗಲಿನಲ್ಲೇ ನಿಶ್ಚಯಿಸಬೇಕು. ಮಕ್ಕಳ ಕಣ್ಣಿಂದ ದುರಂತದ ಚಿತ್ರಗಳನ್ನು ದೂರವಿಟ್ಟು, ಅವರನ್ನು ಶಾಲೆಗೂ ಗೆಳೆಯರ ನಡುವೆಯೂ ಬಿಡಬೇಕು. ವೆಳ್ಳಾರ್ಮಲೆ ಶಾಲೆಯ ಮಕ್ಕಳಿಗೆ ೨೦೨೪ರ ಸೆಪ್ಟೆಂಬರ್ ೨ರಂದೇ ಮೇಪ್ಪಾಡಿಯಲ್ಲಿ ತರಗತಿಗಳು ಮತ್ತೆ ಮೊದಲಾದವು. ಹೆಚ್ಚಿನವರಿಗೆ ಇಷ್ಟು ಸಾಕಾದೀತು. ತಿಂಗಳುಗಟ್ಟಲೆ ನಿದ್ದೆ, ಊಟ, ದುಡಿಮೆ ಕೆಟ್ಟವರಿಗೂ, ಬದುಕೇ ಬೇಡವೆನ್ನುವವರಿಗೂ ವೈದ್ಯರೇ ಬೇಕು, ಅಲ್ಲಿ ತಡಮಾಡಲಾಗದು. ೨೦೨೨ರಲ್ಲಿ ಮೊದಲಾದ ಟೆಲಿ ಮಾನಸ್ ಸೇವೆಯ ೧೪೪೧೬ ಸಂಖ್ಯೆಗೆ ಹಗಲಿರುಳೂ ಕರೆಮಾಡಬಹುದು. ಕನ್ನಡದಲ್ಲಿ ಮಾತಾಡುವವರೂ ಉಂಟು.

ಇಲ್ಲಿಯೇ ನಮ್ಮ ಸಂಘದ ಪಾಲಿನ ಕೆಲಸ. ಅಂಗಡಿಗೆ, ಕಛೇರಿಗೆ ನಮ್ಮ ಮಲಯಾಳ ಸಾಕು. ಆದರೆ "ಎದೆ ಝಲ್ಲೆನ್ನುತ್ತದೆ" ಎಂಬುದನ್ನು ಅಜ್ಜಿಯೊಬ್ಬಳು ಪರಭಾಷೆಯಲ್ಲಿ ಹೇಳಹೊರಟರೆ ವೈದ್ಯರ ಕಿವಿಗೆ ಬೀಳುವುದು ಬರೀ ಎದೆನೋವು! ಅವಳ ಜೊತೆಗೆ ಹೋಗಿ, ಅವಳ ಮಾತನ್ನು ಕೂಡಿಸದೆ ಕಳೆಯದೆ ದಾಟಿಸಬಲ್ಲ ನಾಲ್ವರು ತರುಣ ತರುಣಿಯರನ್ನು ಈ ಸಭೆ ಇಂದೇ ಗೊತ್ತುಮಾಡಬೇಕೆಂದು ಕೇಳಿಕೊಳ್ಳುತ್ತೇವೆ. ಇಳಿಜಾರಿನಲ್ಲಿ ಒಂಟಿಯಾಗಿರುವವರ ಪಟ್ಟಿಯೊಂದು ಜೂನ್ ಹುಟ್ಟುವ ಮೊದಲೇ ಸಿದ್ಧವಾಗಲಿ.

ನೆರೆಮನೆಯ ಆ ತಾಯಿ ಈಗಲೂ ಚೀಲ ಕಟ್ಟುತ್ತಾರೆ. ಮಳೆ ಬಲಿತರೆ ಅದನ್ನು ಹಿಡಿದು ನಮ್ಮ ಮನೆಗೇ ಬಂದುಬಿಡುತ್ತಾರೆ. ನಮ್ಮ ಮನೆ ಸಮತಟ್ಟಿನಲ್ಲಿದೆ. ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ಎರಡು ಗಂಟೆಯ ಹೊತ್ತಿಗೆ, ಚೀಲವನ್ನೇ ತಲೆಗಿಟ್ಟುಕೊಂಡು ಅವರಿಗೆ ನಿದ್ದೆ ಹತ್ತಿತ್ತು. ಹೊರಗೆ ಮಳೆ ಇನ್ನೂ ನಿಂತಿರಲಿಲ್ಲ.