ಒಂದು ಎಕರೆ ಮನೆಯ ಗಂಗಾಳಕ್ಕೆ

(ರಾಯಚೂರಿನಲ್ಲಿ ಸೇರಿದ್ದ ದೇವದುರ್ಗ, ಮಾನ್ವಿ ತಾಲೂಕುಗಳ ಸ್ವಸಹಾಯ ಸಂಘಗಳ ಸದಸ್ಯೆಯರಿಗೆ ಹೇಳಿದ ಮಾತುಗಳು)



ಮುಂಗಾರು ಹತ್ತಿರ ಬಂತು, ಸಂಘಗಳಲ್ಲಿ ಸಾಲದ ಬೇಡಿಕೆಯೂ ಬಂತು. ಯಾತಕ್ಕೆ ಸಾಲ ಎಂದು ಕೇಳಿದರೆ ದೇವದುರ್ಗದವರು ಹತ್ತಿ ಬೀಜಕ್ಕೆ ಅಂತೀರಿ, ಮಾನ್ವಿಯವರು ಭತ್ತದ ಗೊಬ್ಬರಕ್ಕೆ ಅಂತೀರಿ. ಮಕ್ಕಳು ಉಣ್ಣುವುದನ್ನು ಬೆಳೆಯಲಿಕ್ಕೆ ಸಾಲ ಬೇಕು ಎಂದು ಇದುವರೆಗೆ ಯಾರೂ ನಮ್ಮನ್ನು ಕೇಳಿಲ್ಲ.

ಹಿಂದೆ ಹೀಗಿರಲಿಲ್ಲ. ನಿಮ್ಮ ಅತ್ತೆಯಂದಿರನ್ನು ಕೇಳಿರಿ. ಸಜ್ಜೆಯ ನಡುವೆ ತೊಗರಿ ಸಾಲು, ಜೊತೆಗೆ ಅಕ್ಕಡಿ ಕಾಳು ಎಂದು ಹೆಸರು, ಮಡಕಿ, ಅಲಸಂದಿ. ಬದುವಿನ ಮೇಲೆ ಪುಂಡಿಪಲ್ಯ. ಮಳೆ ಕೈಕೊಟ್ಟು ಒಂದು ಹೋದರೆ ಇನ್ನೊಂದು ಉಳಿಯುತ್ತಿತ್ತು. ಕಾಳಿನ ಬೆಳೆಯ ಬೇರಿನಲ್ಲಿ ಸಣ್ಣ ಗಂಟು ನೋಡಿರುತ್ತೀರಲ್ಲ, ಅವು ಗಾಳಿಯ ಸಾರಜನಕವನ್ನು ಹಿಡಿದಿಟ್ಟು ಭೂಮಿಗೆ ಸತ್ವ ಕೊಡುತ್ತವೆ. ಕಣಿಕೆ ಎಮ್ಮೆಗೆ, ಸಗಣಿ ತಿಪ್ಪೆಗೆ, ತಿಪ್ಪೆ ಗೊಬ್ಬರ ಮತ್ತೆ ಹೊಲಕ್ಕೆ. ಇದನ್ನೇ ಈಗ ಸಮಗ್ರ ಕೃಷಿ ಪದ್ಧತಿ ಅಂತಾರೆ. ಮಾತು ದೊಡ್ಡದು, ಕೆಲಸ ನಿಮಗೆ ಗೊತ್ತಿದ್ದದ್ದೇ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ 100 ಹೆಂಗಸರಲ್ಲಿ ಸುಮಾರು 48 ಮಂದಿಗೆ ರಕ್ತಹೀನತೆ. ದಿನವಿಡೀ ಹತ್ತಿ ಬಿಡಿಸಿ ಬಂದು ತಲೆ ತಿರುಗುತ್ತದೆ ಎಂದು ಕೂಡುವವರು ನೀವೇ ಅಲ್ವೇನ್ರಿ? ಪಾಲಿಶ್ ಮಾಡಿದ ಅಕ್ಕಿಗಿಂತ ಸಜ್ಜೆಯಲ್ಲಿ ಕಬ್ಬಿಣಾಂಶ ಹಲವು ಪಟ್ಟು ಹೆಚ್ಚು. ರೊಟ್ಟಿ, ಕಾಳು, ಪಲ್ಯದ ಜೊತೆ ನಿಂಬೆಹುಳಿ ಹಿಂಡಿಕೊಂಡರೆ ಅದು ಮೈಗೆ ಹತ್ತುತ್ತದೆ. ಊಟದ ಹಿಂದೆಯೇ ಚಹಾ ಕುಡಿದರೆ ಹತ್ತುವುದಿಲ್ಲ. (ನಮ್ಮ ಸಭೆಗಳಲ್ಲೂ ಊಟವಾದ ಕೂಡಲೇ ಚಹಾ ಕೊಡುತ್ತೇವೆ, ಅದನ್ನು ನಿಲ್ಲಿಸಬೇಕು.)

ಕಾಲುವೆ ಇದೆ, ನಮಗೇನು ಚಿಂತೆ ಎಂದು ಮಾನ್ವಿಯವರು ಅನ್ನಬಹುದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಕೊಂಡು ಹೋದಾಗ ಎದೆ ಹೇಗೆ ಬಡಿದುಕೊಂಡಿತು, ನೆನಪು ಮಾಡಿಕೊಳ್ಳಿರಿ.

ಹತ್ತಿ, ಭತ್ತ ಬಿಟ್ಟೇಬಿಡಿ ಎಂದು ನಾವು ಹೇಳುವುದಿಲ್ಲ. ರೊಕ್ಕವೂ ಬೇಕು. ನಾಲ್ಕು ಎಕರೆ ಇದ್ದರೆ ಒಂದು ಎಕರೆ ಮನೆಯ ಗಂಗಾಳಕ್ಕೆ ಇರಲಿ, ಅಲ್ಲಿ ಏನು ಬಿತ್ತಬೇಕು ಎಂಬುದನ್ನು ನೀವು ಹೇಳಿರಿ. ಬಿತ್ತುವುದು, ಕಳೆ ತೆಗೆಯುವುದು ನೀವಾದ ಮೇಲೆ ಮಾತೂ ನಿಮ್ಮದಿರಬೇಕು. ಆದರೆ ಎಣ್ಣೆ ಹೊಡೆದ ಹತ್ತಿ ಹೊಲದಲ್ಲಿ ಬೆಳೆದ ಸೊಪ್ಪನ್ನು ಮಾತ್ರ ಮಕ್ಕಳಿಗೆ ಉಣಿಸಬೇಡಿರಿ.

ನಮ್ಮ ತಪ್ಪನ್ನೂ ಹೇಳಬೇಕು. ಒಂದು ವರ್ಷ ಮನೆಮನೆಗೆ ಗಿರಿರಾಜ ಕೋಳಿ ಹಂಚಿದೆವು, ಫೋಟೋ ತೆಗೆಸಿಕೊಂಡೆವು. ರಾತ್ರಿ ಅವುಗಳನ್ನು ಎಲ್ಲಿ ಕೂಡಿಹಾಕುತ್ತೀರಿ ಎಂದು ಕೇಳಲಿಲ್ಲ, ಕೊಕ್ಕರೆ ರೋಗದ ಲಸಿಕೆ ಹಾಕಿಸಲಿಲ್ಲ. ಅರ್ಧ ಬೆಕ್ಕಿನ ಪಾಲು, ಅರ್ಧ ರೋಗದ ಪಾಲು. ಈಗ ಮೊದಲು ಗೂಡು, ಲಸಿಕೆ, ಆಮೇಲೆ ಮರಿ.

ಹೊಲವೇ ಇಲ್ಲ, ದುಡಿಯಲಿಕ್ಕೆ ಬೆಂಗಳೂರಿಗೆ ಹೋಗುತ್ತೇವೆ ಎನ್ನುವ ಅಕ್ಕಂದಿರೂ ಇಲ್ಲಿದ್ದೀರಿ. ನಿಮಗೆ ಒಂದು ಎಕರೆಯ ಮಾತು ಹೇಳಿದರೆ ಅದು ಚೇಷ್ಟೆಯಾದೀತು. ಜಳಕದ ನೀರು ಹರಿಯುವ ಕಡೆ ಒಂದು ನುಗ್ಗೆ ಗಿಡ ನೆಟ್ಟರೆ ನೀವು ಊರಲ್ಲಿ ಇಲ್ಲದಿದ್ದರೂ ಮುದುಕಿ, ಮೊಮ್ಮಕ್ಕಳಿಗೆ ಪಲ್ಯವಾಗುತ್ತದೆ. ಐದಾರು ಮಂದಿ ಕೂಡಿ ಸಂಘದ ಸಾಲದಲ್ಲಿ ಒಂದೆರಡು ಎಕರೆ ಲಾವಣಿ ಹಿಡಿಯಲೂಬಹುದು. ಇದು ಕಷ್ಟದ ಕೆಲಸ, ನಾವೂ ಜೊತೆಗೆ ಬರುತ್ತೇವೆ.

ಮುಂದಿನ ಸಭೆಯಲ್ಲಿ ಸಾಲದ ಅರ್ಜಿ ನೋಡುವ ಮೊದಲು ಪ್ರತಿಯೊಬ್ಬರೂ ಈ ಮುಂಗಾರಿಗೆ ಮನೆಗಾಗಿ ಏನು ಬಿತ್ತುತ್ತೀರಿ ಎಂದು ಹೇಳಬೇಕು, ಲೆಕ್ಕದ ಪುಸ್ತಕದಲ್ಲಿ ಬರೆಯಿಸಬೇಕು. ಹಳೆಯ ಮಡಕಿ, ಸಜ್ಜೆಯ ಬೀಜ ಯಾರ ಮನೆಯಲ್ಲಿದೆಯೋ ಅವರು ಒಂದು ಪಾವು ಸೇರು ಅರಿವೆಯಲ್ಲಿ ಕಟ್ಟಿಕೊಂಡು ಬನ್ನಿರಿ.