ಸಮಾಜವಿಜ್ಞಾನೋಪಾಧ್ಯಾಯರ ಶಿಕ್ಷಣಕ್ರಮವೂ ಅದರ ಪರಿಷ್ಕರಣವೂ



ಪ್ರೌಢಶಾಲೆಯ ಉಪಾಧ್ಯಾಯನಾಗಲೆಳಸುವವನಿಗೆ ವಿಶ್ವವಿದ್ಯಾನಿಲಯಗಳು ಕೊಡುವ ಬಿ.ಎಡ್. ಶಿಕ್ಷಣದ ಅವಧಿಯು ಬಹುಕಾಲ ಒಂದೇ ವರ್ಷದ್ದಾಗಿದ್ದಿತು. 2012ರಲ್ಲಿ ನ್ಯಾಯಮೂರ್ತಿ ವರ್ಮಾ ಆಯೋಗವು ವರದಿಯನ್ನೊಪ್ಪಿಸಿದ ತರುವಾಯ, ರಾಷ್ಟ್ರೀಯ ಅಧ್ಯಾಪಕ ಶಿಕ್ಷಣ ಪರಿಷತ್ತಿನ 2014ರ ನಿಯಮಗಳಿಂದ ಅದು ಎರಡು ವರ್ಷಗಳಿಗೇರಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 2030ರ ವೇಳೆಗೆ ನಾಲ್ಕು ವರ್ಷಗಳ ಸಂಯುಕ್ತ ಪದವಿಯೇ ಕನಿಷ್ಠ ಅರ್ಹತೆಯಾಗಬೇಕೆಂದಿತು. 2025ರಲ್ಲಿ ಪ್ರಕಟವಾದ ಕರಡು ನಿಯಮಗಳಲ್ಲಿ, ನಾಲ್ಕು ವರ್ಷದ ಪದವಿಯನ್ನಾಗಲಿ ಸ್ನಾತಕೋತ್ತರ ಪದವಿಯನ್ನಾಗಲಿ ಪಡೆದವರಿಗಾಗಿ ಒಂದು ವರ್ಷದ ಕ್ರಮವು ಮರಳಿ ತಲೆದೋರಿತು. ಹೀಗೆ ವರ್ಷಗಳ ಎಣಿಕೆಗೇ ಪರಿಷ್ಕರಣವೆಂಬ ಹೆಸರು ಬಂದುಹೋಗಿದೆ. ಪಾತ್ರೆಯ ಅಳತೆಯನ್ನು ಕುರಿತು ಇಷ್ಟು ವಾದಗಳು ನಡೆದಿರುವಲ್ಲಿ, ಅದರೊಳಗೆ ಬೇಯತಕ್ಕ ಅನ್ನವನ್ನು ಕುರಿತ ವಿಚಾರವು ಅತ್ಯಲ್ಪವೇ ಸರಿ.

ಸಮಾಜವಿಜ್ಞಾನವನ್ನು ಬೋಧಿಸತಕ್ಕವನ ಸಂಕಟವು ಇತರರ ಸಂಕಟದಂತಲ್ಲ. ಗಣಿತವನ್ನು ಕಲಿಸುವವನು ಗಣಿತವನ್ನೇ ಓದಿ ಬಂದಿರುತ್ತಾನೆ. ಕರ್ಣಾಟಕದ ಪ್ರೌಢಶಾಲೆಯ ಸಮಾಜವಿಜ್ಞಾನ ಪುಸ್ತಕದಲ್ಲಾದರೋ ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನವೆಂಬ ಆರು ವಿಷಯಗಳು ಒಂದೇ ರಟ್ಟಿನೊಳಗೆ ಸೇರಿವೆ. ಆರೂ ಒಬ್ಬನ ಹೆಗಲ ಮೇಲೆ ಬೀಳುತ್ತವೆ. ಇವುಗಳಲ್ಲಿ ಎರಡನ್ನೋ ಮೂರನ್ನೋ ಪದವಿಗಾಗಿ ಓದಿದವನು ಉಳಿದವನ್ನು ಬಾಲ್ಯದಲ್ಲಿ ತಾನು ಕಲಿತಷ್ಟೇ ಬಲ್ಲನು. 1952-53ರ ಮುದಲಿಯಾರ್ ಆಯೋಗವು ಇವೆಲ್ಲವನ್ನೂ ಬಿಡಿಬಿಡಿಯಾಗಿ ಕಲಿಸದೆ ಒಂದು ಸಮಗ್ರ ವಿಷಯವಾಗಿ ಕಲಿಸಬೇಕೆಂದಿತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಶಾಸ್ತ್ರಗಳ ಎಲ್ಲೆಗಳನ್ನು ಉಳಿಸಿಕೊಂಡೇ ಅವುಗಳೊಳಗೆ ಸಂಬಂಧವನ್ನು ಕಲ್ಪಿಸಬೇಕೆಂದೂ, ಪೌರನೀತಿಯು ರಾಜ್ಯಶಾಸ್ತ್ರವಾಗಿ ಮಾರ್ಪಡಬೇಕೆಂದೂ ಸೂಚಿಸಿತು. ಎರಡೂ ವಿಹಿತವಾದ ಮಾತುಗಳೇ. ಆದರೆ ಆ ಸಂಬಂಧವನ್ನು ಕಲ್ಪಿಸುವ ವಿದ್ಯೆಯನ್ನು ಉಪಾಧ್ಯಾಯನಿಗೆ ಕಲಿಸುವವರಾರು?

ಶಿಕ್ಷಣ ಕಾಲೇಜುಗಳಲ್ಲಿ ಅವನಿಗೆ ದೊರೆಯುವುದು ಬೋಧನಕ್ರಮ ಮಾತ್ರ. ಜರ್ಮನ್ ಪಂಡಿತ ಹರ್ಬಾರ್ಟನ ಅನುಯಾಯಿಗಳು ಹತ್ತೊಂಬತ್ತನೆಯ ಶತಮಾನದಲ್ಲಿ ನಿರೂಪಿಸಿದ ಐದು ಸೋಪಾನಗಳ ಛಾಯೆಯು ಪಾಠಯೋಜನೆಯ ಪುಸ್ತಕಗಳಲ್ಲಿ ಇನ್ನೂ ಕಾಣುತ್ತದೆ. ಪೀಠಿಕೆ, ನಿರೂಪಣೆ, ಅನ್ವಯಗಳಿಗೆ ಕೋಷ್ಠಕಗಳನ್ನು ಗೀಚಿ ತುಂಬುವುದರಲ್ಲಿ ವಿದ್ಯಾರ್ಥಿಯ ರಾತ್ರಿಗಳು ಕಳೆಯುತ್ತವೆ. ಹೇಗೆ ಹೇಳಬೇಕೆಂಬುದನ್ನು ಅವನು ಬಲ್ಲನು. ಹೇಳಿದುದು ನಿಜವೆಂದು ತಿಳಿಯುವ ಬಗೆಯನ್ನು ಅರಿಯನು. ಅಂತಹವನ ಕೈಯಲ್ಲಿ ಪಠ್ಯಪುಸ್ತಕವು ವೇದವಾಗುತ್ತದೆ. ಪುಸ್ತಕವು ಬದಲಾದ ವರ್ಷ ವೇದವೇ ಬದಲಾಗುತ್ತದೆ!

ಒಂದು ವೀರಗಲ್ಲನ್ನು ತೆಗೆದುಕೊಳ್ಳಬಹುದು. ಕನ್ನಡನಾಡಿನ ಎಷ್ಟೋ ಊರುಗಳ ಬಾಗಿಲಲ್ಲಿಯೂ ಕೆರೆಯ ಏರಿಯ ಮೇಲೂ ಇಂತಹ ಕಲ್ಲುಗಳು ನಿಂತಿವೆ. ಸಾಮಾನ್ಯವಾಗಿ ಕೆಳಗಣ ಪಟ್ಟಿಕೆಯಲ್ಲಿ ಯುದ್ಧ, ನಡುವೆ ಅಪ್ಸರೆಯರು ವೀರನನ್ನು ಕೊಂಡೊಯ್ಯುವ ಚಿತ್ರ, ಮೇಲೆ ದೇವಸನ್ನಿಧಿ, ತುದಿಯಲ್ಲಿ ಸೂರ್ಯಚಂದ್ರರು. ಶಾಸನವಿದ್ದರೆ ಅನೇಕವೇಳೆ ತುರುಗೊಳ್ ಎಂಬ ಮಾತಿರುತ್ತದೆ. ತುರುಗಳಿಗಾಗಿ ಪ್ರಾಣವನ್ನೇಕೆ ಕೊಟ್ಟರು? ದನವೇ ಧನವಾಗಿದ್ದುದರಿಂದ, ಇದು ಅರ್ಥಶಾಸ್ತ್ರ. ದನಗಳೇ ಆ ಸೀಮೆಯಲ್ಲಿ ಏಕೆ ಹೆಚ್ಚಿದ್ದವು? ಮಳೆಯನ್ನೂ ಹುಲ್ಲುಗಾವಲನ್ನೂ ಕೇಳಬೇಕು, ಇದು ಭೂಗೋಳ. ಸತ್ತವನ ಮನೆಯವರಿಗೆ ನೆತ್ತರುಗೊಡಗೆಯಾಗಿ ಭೂಮಿಯನ್ನು ಬಿಟ್ಟವರು ಯಾರು, ಯಾವ ಅಧಿಕಾರದಿಂದ ಬಿಟ್ಟರು? ಇಲ್ಲಿ ರಾಜ್ಯಶಾಸ್ತ್ರವು ಬಂದಿತು. ಯಾರಿಗೆ ಕಲ್ಲನ್ನು ನಿಲ್ಲಿಸಿದರು, ಯಾರಿಗೆ ನಿಲ್ಲಿಸಲಿಲ್ಲ? ಈ ಪ್ರಶ್ನೆಯು ಸಮಾಜಶಾಸ್ತ್ರದ್ದು. ಪುಸ್ತಕದ ರಟ್ಟಿನಿಂದ ಒಂದಾಗದ ಶಾಸ್ತ್ರಗಳು ಒಂದು ಕಲ್ಲಿನ ಮುಂದೆ ತಾವಾಗಿಯೇ ಒಂದಾಗುತ್ತವೆ. ಬಾಲಕನಿಗೆ ಇದನ್ನು ತೋರಿಸಬೇಕಾದವನು ಮೊದಲು ಒಮ್ಮೆಯಾದರೂ ಕಲ್ಲಿನ ಮುಂದೆ ಕುಳಿತು, ಅಕ್ಷರವನ್ನು ತಡವಿ, ಅಚ್ಚಾದ ಪಾಠದೊಡನೆ ಹೋಲಿಸಿ ನೋಡಿರಬೇಡವೆ?

ಈ ಅಭ್ಯಾಸವು ದೇಶಕ್ಕೆ ಹೊಸದೂ ಅಲ್ಲ. ಹಳೆಯ ಪಾಠಶಾಲೆಗಳ ಪಂಡಿತರು ಎರಡು ಮೂರು ಓಲೆಯ ಪ್ರತಿಗಳನ್ನು ಎದುರಿಗಿಟ್ಟುಕೊಂಡು ಪಾಠಾಂತರಗಳನ್ನು ತೂಗಿ, ಲಿಪಿಕಾರನ ಪ್ರಮಾದವಾವುದು, ಕವಿಯ ಮಾತಾವುದು ಎಂದು ನಿರ್ಣಯಿಸುತ್ತಿದ್ದರು. ಆಧಾರಪರೀಕ್ಷೆಯೆಂದು ಇತಿಹಾಸಕಾರರು ಹೇಳುವುದು ಇದರ ಒಡಹುಟ್ಟಾದ ವಿದ್ಯೆಯೇ.

ಸಾಧನಗಳಿಗೆ ಕೊರತೆಯಿಲ್ಲ. ರೈಸ್ ಮಹಾಶಯರು ಸಂಪಾದಿಸಿ 1886ರಿಂದ ಹೊರತರತೊಡಗಿದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಹಳೆಯ ಮೈಸೂರು ಸೀಮೆಯ ಶಾಸನಗಳು ತಾಲ್ಲೂಕುವಾರಾಗಿ ಜೋಡಿಸಲ್ಪಟ್ಟಿವೆ. ಭಾರತೀಯ ಸರ್ವೇಕ್ಷಣ ಇಲಾಖೆಯ 1:50,000 ಪ್ರಮಾಣದ ನಕ್ಷೆಗಳಲ್ಲಿ ಊರ ಹಳ್ಳವೂ ಗುಡ್ಡವೂ ಕಾಣುತ್ತವೆ. ಗ್ರಾಮಸಭೆಯ ನಡವಳಿಕೆಗಳೂ ಪಂಚಾಯತಿಯ ಆಯವ್ಯಯ ಪತ್ರವೂ ಪ್ರಜಾಧಿಪತ್ಯದ ಪಾಠಕ್ಕೆ ಯಾವ ಪುಸ್ತಕಕ್ಕಿಂತಲೂ ಮಿಗಿಲು.

ಕಾಲವೆಲ್ಲಿದೆಯೆಂಬ ಆಕ್ಷೇಪವು ಸಹಜವಾದುದು. 2014ರ ನಿಯಮಗಳು ಎರಡು ವರ್ಷಗಳಲ್ಲಿ ಒಟ್ಟು 20 ವಾರಗಳ ಶಾಲಾನುಭವವನ್ನು ವಿಧಿಸಿದವು. ಮೊದಲನೆಯ ವರ್ಷ 4, ಎರಡನೆಯ ವರ್ಷ 16. ಈ ಹದಿನಾರು ವಾರಗಳು ಗೈರುಹಾಜರಾದ ಉಪಾಧ್ಯಾಯರ ತರಗತಿಗಳನ್ನು ಕಾಯುವುದರಲ್ಲಿ ಕಳೆದುಹೋದರೆ, ಹೆಚ್ಚಿದ ವರ್ಷವು ಯಾರಿಗೆ ಬೇಕಾಗಿದ್ದಿತು? ಬಡ ರೈತನ ಮಗಳಿಗೆ ಒಂದು ವರ್ಷದ ಹೆಚ್ಚಳವೆಂದರೆ ಶುಲ್ಕದ ಭಾರವೊಂದು, ಬರಬಹುದಾದ ಸಂಬಳದ ನಷ್ಟವೊಂದು. ಅವಳಿಂದ ಆ ವರ್ಷವನ್ನು ಕೇಳುವ ವಿಶ್ವವಿದ್ಯಾನಿಲಯವು ಪ್ರತಿಯಾಗಿ ಏನನ್ನು ಕೊಡುವೆನೆಂದು ಸ್ಪಷ್ಟವಾಗಿ ಹೇಳತಕ್ಕುದು ನ್ಯಾಯ.

ಹೇಳಬಹುದಾದುದೂ ಇದೆ. ಶಾಲಾನುಭವದ ವಾರಗಳಲ್ಲಿಯೇ ಪ್ರತಿಯೊಬ್ಬ ವಿದ್ಯಾರ್ಥಿಯೂ ಆ ಶಾಲೆಯ ಊರನ್ನು ಕುರಿತು ಒಂದು ಶೋಧನೆಯನ್ನು ಮಾಡಲಿ. ಕೆರೆಯಾಗಲಿ, ಸಂತೆಯಾಗಲಿ, ಶಾಸನವಾಗಲಿ ಅದಕ್ಕೆ ವಸ್ತುವಾಗಲಿ. ಅದೇ ವಿಶ್ವವಿದ್ಯಾನಿಲಯದ ಇತಿಹಾಸ ಭೂಗೋಳ ವಿಭಾಗಗಳವರು, ಇಂದು ಶಿಕ್ಷಣ ಕಾಲೇಜಿನ ಕಡೆಗೆ ತಲೆಹಾಕದವರು, ಅದಕ್ಕೆ ಮಾರ್ಗದರ್ಶಕರಾಗಲಿ. ತಾನು ಪದವಿಗೆ ಓದದ ಶಾಸ್ತ್ರಗಳನ್ನು ಅವನು ಮೂಲದಿಂದ ಓದಲು ಮೊದಲ ವರ್ಷದಲ್ಲಿ ವಾರಕ್ಕೆ ಕೆಲವು ಗಂಟೆಗಳನ್ನು ಬಿಡಲಿ; ಪಾಠಯೋಜನೆಗಳ ಸಂಖ್ಯೆಯನ್ನು ಅರ್ಧಕ್ಕಿಳಿಸಿದರೆ ಆ ಗಂಟೆಗಳು ತಾವೇ ದೊರೆಯುತ್ತವೆ. ಕಡೆಯ ಪರೀಕ್ಷೆಯಲ್ಲಿ ಪರೀಕ್ಷಕರು ಪಾಠಯೋಜನೆಯ ಪುಸ್ತಕದ ಅಂದವನ್ನು ನೋಡುವ ಬದಲು ಆ ಶೋಧನೆಯನ್ನು ಮುಂದಿಟ್ಟುಕೊಂಡು, ಇದು ನಿನಗೆ ಹೇಗೆ ತಿಳಿಯಿತು, ಬೇರೆ ವಿಧವಾಗಿ ಹೇಳುವವರಿದ್ದಾರೆಯೆ ಎಂದು ಎರಡು ಪ್ರಶ್ನೆಗಳನ್ನು ಕೇಳಲಿ.