ಕಿಟಕಿ ಪಕ್ಕದ ಆಮೆ

ಇವತ್ತು ರಾಜಕೀಯ ಬೇಡ, ಒಂದು ಆಮೆ ಬಗ್ಗೆ ಮಾತಾಡೋಣ.

ನಮ್ಮ ಅಕ್ಕ ಮಗನ ಹುಟ್ಟುಹಬ್ಬಕ್ಕೆ ಅಂಗಡಿಯಿಂದ ಒಂದು ಆಮೆ ತಂದಳು. ಆಗ ಅದು ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು, ಕಣ್ಣಿನ ಹಿಂದೆ ಕೆಂಪು ಪಟ್ಟಿ. 'ಇಷ್ಟೇ ಇರುತ್ತೆ ಮೇಡಂ' ಅಂದನಂತೆ ಅಂಗಡಿಯವನು. ಹಸಿ ಸುಳ್ಳು ರೀ! ಅದು ರೆಡ್ ಇಯರ್ಡ್ ಸ್ಲೈಡರ್. ಮೂಲ ಊರು ಅಮೆರಿಕದ ಮಿಸಿಸಿಪ್ಪಿ ಕಡೆ. ಬೆಳೆದರೆ ಊಟದ ತಟ್ಟೆಯಷ್ಟಾಗುತ್ತೆ. ಚೆನ್ನಾಗಿ ನೋಡಿಕೊಂಡರೆ 30 ವರ್ಷ ಬದುಕಬಹುದು. ಅಂದ್ರೆ ಆ ಹುಡುಗನ ಮದುವೆಯನ್ನೂ ನೋಡುತ್ತೆ.

ಎರಡನೇ ವರ್ಷ ಚಿಪ್ಪು ಮೆತ್ತಗಾಯ್ತು. ಬೆರಳಿಟ್ಟು ಒತ್ತಿದ್ರೆ ತಗ್ಗೋದು. 'ದಿನಾ ಬಿಸಿಲಿಗೆ ಇಡ್ತೀನಲ್ಲೋ' ಅಂತಾಳೆ ಅಕ್ಕ. ಹೋಗಿ ನೋಡಿದ್ರೆ ಮುಚ್ಚಿದ ಕಿಟಕಿಯ ಒಳಗಡೆ! ನಾನು ಓದಿದ ಇಂಜಿನಿಯರಿಂಗ್ ಬೇರೆಲ್ಲೂ ಉಪಯೋಗಕ್ಕೆ ಬರಲಿಲ್ಲ, ಇಲ್ಲಿ ಬಂತು. ಕಿಟಕಿಯ ಗಾಜು ಬೆಳಕು ಬಿಡುತ್ತೆ, ಆದರೆ ಯುವಿಬಿ ಕಿರಣವನ್ನ ಹೆಚ್ಚುಕಮ್ಮಿ ಪೂರ್ತಿ ತಡೆಯುತ್ತೆ. ಆ ಕಿರಣ ಚರ್ಮದ ಮೇಲೆ ಬಿದ್ದರೆ ಮೈಯಲ್ಲಿ ಡಿ3 ವಿಟಮಿನ್ ತಯಾರಾಗುತ್ತೆ. ಅದಿಲ್ಲದಿದ್ರೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತಲ್ಲ. ಪಶುವೈದ್ಯರು ಹೇಳಿದ್ದೂ ಅದೇ.

ಹಾಗಾದ್ರೆ ಏನು ಬೇಕು? ಯುವಿಬಿ ದೀಪ. ಅದು ಉರಿಯುತ್ತಲೇ ಇದ್ದರೂ ಒಳಗಿನ ಕಿರಣ ತಿಂಗಳು ಕಳೆದಂತೆ ಕಮ್ಮಿಯಾಗುತ್ತೆ, ಆದ್ದರಿಂದ ಕಾಲಕಾಲಕ್ಕೆ ಬದಲಾಯಿಸಬೇಕು. ಈಜೋಕೆ ಧಾರಾಳ ನೀರು, ಫಿಲ್ಟರ್, ಮೈ ಒಣಗಿಸಿಕೊಳ್ಳೋಕೆ ನೀರಿನ ಮೇಲೆ ಒಂದು ಕಲ್ಲು, ಅಲ್ಲಿ 30 ಡಿಗ್ರಿ ಮೇಲಷ್ಟು ಶಾಖ. ಬರೀ ಒಣ ಸೀಗಡಿ ಹಾಕಬೇಡಿ, ದೊಡ್ಡದಾದ ಮೇಲೆ ಸೊಪ್ಪೂ ಬೇಕು. ಮುಟ್ಟಿದ ಮೇಲೆ ಮಕ್ಕಳ ಕೈ ಸೋಪು ಹಾಕಿ ತೊಳೆಸಿ. ಸಾಲ್ಮೊನೆಲ್ಲಾ ಸೋಂಕಿನ ಭಯಕ್ಕೆ ಅಮೆರಿಕದಲ್ಲೇ 4 ಇಂಚಿಗಿಂತ ಚಿಕ್ಕ ಆಮೆ ಮಾರಾಟವನ್ನ 1975ರಲ್ಲಿ ನಿಷೇಧಿಸಿದ್ರು. ನಮ್ಮಲ್ಲಿ ಹುಟ್ಟುಹಬ್ಬಕ್ಕೆ ಉಡುಗೊರೆ!

ಪಕ್ಕದ ಮನೆಯವರ ಸಲಹೆ ಏನು ಗೊತ್ತಾ? 'ಕೆರೆಗೆ ಬಿಟ್ಟುಬಿಡಿ, ಪುಣ್ಯ ಬರುತ್ತೆ.' ದಯವಿಟ್ಟು ಬೇಡ. ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇದೂ ಇದೆ. ನಮ್ಮ ಕೆರೆಯ ಆಮೆಗಳ ಆಹಾರಕ್ಕೂ, ಬಿಸಿಲು ಕಾಯುವ ಜಾಗಕ್ಕೂ ಇದು ಪೈಪೋಟಿಗೆ ಇಳಿಯುತ್ತೆ.

ಇನ್ನು ಅದೃಷ್ಟ ಅಂತ ನಕ್ಷತ್ರ ಆಮೆ ಸಾಕೋರಿಗೆ ಒಂದು ಮಾತು: ಅದು ಈಗ ವನ್ಯಜೀವಿ ಕಾಯ್ದೆಯ ಮೊದಲನೇ ಪರಿಚ್ಛೇದದಲ್ಲಿದೆ. ಮನೆಯಲ್ಲಿ ಸಿಕ್ಕರೆ ಜೈಲೇ.

ಅಕ್ಕನ ಆಮೆ ಈಗ ಬಾಲ್ಕನಿಯ ದೊಡ್ಡ ಟಬ್ಬಿನಲ್ಲಿದೆ, ಅರ್ಧ ನೆರಳು, ಅರ್ಧ ಬಿಸಿಲು. ಚಿಪ್ಪು ನಿಧಾನಕ್ಕೆ ಗಟ್ಟಿಯಾಗ್ತಿದೆ. ಭಾನುವಾರ ನೀರು ಯಾರು ಬದಲಾಯಿಸಬೇಕು ಅನ್ನೋ ಜಗಳ ಮಾತ್ರ ಇನ್ನೂ ಮುಗಿದಿಲ್ಲ.